ಕರ್ತೃಪದವಿಲ್ಲದ ವಾಕ್ಯ

ವಾಕ್ಯವೆಂದರೇನು ಎಂದು ಕೇಳಿದರೆ ಮಾಧ್ಯಮಿಕ ಶಾಲೆಯ ಹುಡುಗನೂ ಥಟ್ಟನೆ ಉತ್ತರ ಹೇಳುತ್ತಾನೆ: ಕರ್ತೃಪದ, ಕರ್ಮಪದ, ಕ್ರಿಯಾಪದ. ಮಾಡುವವನೊಬ್ಬ, ಅವನ ಮಾಡುವಿಕೆಗೆ ಈಡಾಗುವುದೊಂದು, ಮಾಡುವಿಕೆಯೊಂದು. ಉದಾಹರಣೆಗೆ, ‘ರಾಮನು ಕೊಡಲಿಯಿಂದ ಮರವನ್ನು ಕಡಿದನು.’ ನಮ್ಮ ವ್ಯಾಕರಣ ಪುಸ್ತಕಗಳಲ್ಲಿ ಈ ರಾಮ ಎಷ್ಟು ಮರಗಳನ್ನು ಉರುಳಿಸಿದ್ದಾನೋ ಲೆಕ್ಕವಿಟ್ಟವರಿಲ್ಲ. ಆದರೂ ಅವನಲ್ಲೊಂದು ದೊಡ್ಡ ಗುಣವಿದೆ. ಕಡಿದವನು ತಾನೆಂಬುದನ್ನು ಅವನು ಮರೆಸುವುದಿಲ್ಲ; ವಾಕ್ಯದ ಮೊದಲಿನಲ್ಲಿಯೇ ಪ್ರಥಮಾ ವಿಭಕ್ತಿಯಲ್ಲಿ ಬಂದು ನಿಲ್ಲುತ್ತಾನೆ. ಕೊಡಲಿ ತೃತೀಯಾ ವಿಭಕ್ತಿಯಲ್ಲಿ ಅವನ ಹಿಂದೆ ನಿಲ್ಲುತ್ತದೆ. ‘ಕೊಡಲಿಯು ಮರವನ್ನು ಕಡಿಯಿತು’ ಎಂದು ವಿದ್ಯಾರ್ಥಿಯೊಬ್ಬ ಬರೆದರೆ ನಾನು ಅದನ್ನು ಕೆಂಪು ಶಾಯಿಯಲ್ಲಿ ತಿದ್ದದೆ ಇರಬಹುದು, ಏಕೆಂದರೆ ವ್ಯಾಕರಣಕ್ಕೆ ಅದರಿಂದ ಭಂಗವಿಲ್ಲ. ಆದರೆ ಆ ವಾಕ್ಯವನ್ನು ಓದಿದೊಡನೆ ಮನಸ್ಸು ‘ಕೊಡಲಿ ಯಾರ ಕೈಯಲ್ಲಿತ್ತು?’ ಎಂದು ಕೇಳದೆ ಇರದು. ಆ ಪ್ರಶ್ನೆ ವ್ಯಾಕರಣದ್ದಲ್ಲ, ನೀತಿಯದು.

ಈಚೆಗೆ ಈ ಪ್ರಶ್ನೆ ನನ್ನನ್ನು ಕಾಡುತ್ತಿರುವುದು ತರಗತಿಯಲ್ಲಲ್ಲ, ಸರ್ಕಾರಿ ಕಚೇರಿಗಳ ಕಿಟಕಿಯ ಮುಂದೆ. ನಮ್ಮ ಕಚೇರಿಗಳ ಕನ್ನಡಕ್ಕೆ ಕರ್ತೃಪದವನ್ನು ಕಂಡರೆ ಮೊದಲಿನಿಂದಲೂ ಅಷ್ಟಾಗಿ ಆಗದು. ‘ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿದೆ, ನಿಯಮಾನುಸಾರ ತಿರಸ್ಕರಿಸಲಾಗಿದೆ, ಈ ಮೂಲಕ ತಮಗೆ ತಿಳಿಯಪಡಿಸಲಾಗಿದೆ.’ ಪರಿಶೀಲಿಸಿದವರು ಯಾರು, ತಿರಸ್ಕರಿಸಿದವರು ಯಾರು, ತಿಳಿಯಪಡಿಸುತ್ತಿರುವವರು ಯಾರು ಎಂಬುದನ್ನು ಈ ಮೂರು ವಾಕ್ಯಗಳೂ ಜಾಣತನದಿಂದ ನುಂಗಿಕೊಂಡಿವೆ. ಇಂಗ್ಲಿಷಿನ ಆಡಳಿತದಿಂದ ಬಂದ ಈ ಕರ್ಮಣಿ ಪ್ರಯೋಗ ಕನ್ನಡದ ಜಾಯಮಾನಕ್ಕೆ ಒಗ್ಗದೆಂದು ಪಂಡಿತರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಹೇಳಿದರೂ ಕಚೇರಿಗಳು ಕೇಳಲಿಲ್ಲ. ಆದರೆ ಆ ಹಳೆಯ ಕಾಗದಕ್ಕೆ ಒಂದು ಮರ್ಯಾದೆಯಿತ್ತು. ವಾಕ್ಯದೊಳಗೆ ಅಡಗಿಕೊಂಡ ಕರ್ತೃ ಕಾಗದದ ಕೆಳಗೆ ರುಜುವಾಗಿ ಸಿಕ್ಕಿಬೀಳುತ್ತಿದ್ದ. ರುಜು ಎಷ್ಟೇ ಅಂಕುಡೊಂಕಾಗಿರಲಿ, ಅದರ ಹಿಂದೆ ಒಬ್ಬ ಮನುಷ್ಯ ಇದ್ದಾನೆಂದು ಜನ ನಂಬಬಹುದಾಗಿತ್ತು. ಕಂಪ್ಯೂಟರು ಬಂದ ಮೇಲೆ ಆ ರುಜುವಿನ ಗತಿ ಏನಾಗಿದೆ ಎಂಬುದೇ ನನ್ನ ಈ ಬರಹದ ವಿಷಯ.

ಕಂಪ್ಯೂಟರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅದು ಮಾಡಿದ ಉಪಕಾರವನ್ನು ಮೊದಲು ಹೇಳಿಬಿಡುವುದು ನ್ಯಾಯ. ಒಂದು ಕಾಲದಲ್ಲಿ ಊರಿನ ಭೂಮಿಯ ಲೆಕ್ಕವೆಲ್ಲ ಶಾನುಭೋಗರ ಮನೆಯಲ್ಲಿರುತ್ತಿತ್ತು. ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲಿನ ಪುಡಿ ಬಳಿದು, ಒಣಗಿಸಿ, ಮಡಿಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಅದಕ್ಕೆ ಕಡತವೆಂದು ಹೆಸರು. ಇಂದು ಕಚೇರಿಯ ಫೈಲಿಗೂ ಕಂಪ್ಯೂಟರಿನೊಳಗಿನ ಫೈಲಿಗೂ ಕಡತವೆಂದೇ ಹೇಳುತ್ತೇವೆ. ಪದ ಬಟ್ಟೆಯಿಂದ ಕಾಗದಕ್ಕೆ, ಕಾಗದದಿಂದ ಮಿಂಚಿಗೆ ದಾಟಿಕೊಂಡಿದೆ. 1961ರ ಕಾನೂನು ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು ತೆಗೆದುಹಾಕಿತು. ಆಮೇಲೆ ಲೆಕ್ಕ ಸರ್ಕಾರದ ಸಂಬಳ ಪಡೆಯುವ ಗ್ರಾಮಲೆಕ್ಕಿಗರ ಕೈಗೆ ಬಂತು. ಆಗಲೂ ಪಹಣಿಯ ಪುಸ್ತಕ ಒಬ್ಬರ ಚೀಲದಲ್ಲಿಯೇ ಇರುತ್ತಿತ್ತು. ಆ ಚೀಲ ಇರುವ ಜಾಗವನ್ನು ಹುಡುಕುವುದೇ ರೈತನಿಗೆ ಅರ್ಧ ದಿನದ ಕೆಲಸ. 2000ದ ಆಚೀಚೆ ‘ಭೂಮಿ’ ಯೋಜನೆ ಬಂದು, ರಾಜ್ಯದ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಅಚ್ಚಾಗಿ ಬರತೊಡಗಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೆಗೆದುಕೊಳ್ಳಬೇಕು, ಹಿಂದಿನದನ್ನು ಮುಂದೆ ತರಕೂಡದು ಎಂದು ಯಂತ್ರದೊಳಗೇ ಕಟ್ಟು ಹಾಕಿದರು. ಪರಿಚಯವಿದ್ದವನ ಅರ್ಜಿ ಮೇಲೆ, ಇಲ್ಲದವನದು ಕೆಳಗೆ ಎಂಬ ಪುರಾತನ ಪದ್ಧತಿಗೆ ಅಷ್ಟರಮಟ್ಟಿಗೆ ಪೆಟ್ಟುಬಿತ್ತು. ಇದನ್ನು ಸಣ್ಣ ಕೆಲಸವೆನ್ನುವವರು ಕಚೇರಿಯ ಮೆಟ್ಟಿಲು ಹತ್ತಿದವರಲ್ಲ.

ಆಮೇಲಿನ ಎರಡು ದಶಕಗಳಲ್ಲಿ ಯಂತ್ರ ತಾಲ್ಲೂಕಿನಿಂದ ಹೋಬಳಿಯ ನಾಡಕಚೇರಿಗೆ, ಅಲ್ಲಿಂದ ಗ್ರಾಮ ಪಂಚಾಯತಿಗೆ ಇಳಿದುಬಂತು. ಇಂದು ಪಂಚಾಯತಿಯ ಮನೆಖಾತೆ ಇ-ಸ್ವತ್ತಿನಲ್ಲಿ, ಲೆಕ್ಕಪತ್ರ ಇನ್ನೊಂದು ತಂತ್ರಾಂಶದಲ್ಲಿ, ಉದ್ಯೋಗ ಖಾತರಿಯ ಕೂಲಿ ಮತ್ತೊಂದರಲ್ಲಿ. ಊರಿನ ಬದುಕೆಲ್ಲ ಒಂದು ಮೇಜು, ಒಂದು ಕಂಪ್ಯೂಟರು, ಒಂದು ಪ್ರಿಂಟರು, ಕರೆಂಟು ಹೋದಾಗ ಕೀ ಎಂದು ಕೂಗುವ ಒಂದು ಯುಪಿಎಸ್, ಇವುಗಳ ಸುತ್ತ ಸುತ್ತುತ್ತಿದೆ. ಈ ಮೇಜಿನ ಮುಂದೆ ಯಾರು ಕೂರುತ್ತಾರೆ, ಯಾರ ಹೆಸರಿನಲ್ಲಿ ಕೂರುತ್ತಾರೆ, ಯಾರಿಗಾಗಿ ಕೂರುತ್ತಾರೆ ಎಂಬ ಮೂರು ಪ್ರಶ್ನೆಗಳಿಗೆ ಮೂರು ಬೇರೆ ಉತ್ತರಗಳು ಬರುವುದುಂಟು. ತೊಡಕು ಇರುವುದು ಅಲ್ಲಿ.

ನಮ್ಮ ಬೀದಿಗೆ ಸೊಪ್ಪು ತರುವ ಮುದುಕಿಯೊಬ್ಬರ ಪಿಂಚಣಿ ಕೆಲವು ತಿಂಗಳು ನಿಂತುಹೋಗಿತ್ತು. ಓದುಬರಹ ಬಲ್ಲವನು ಜೊತೆಗಿದ್ದರೆ ಮೇಲೆಂದು ಆಕೆ ಕೇಳಿಕೊಂಡದ್ದರಿಂದ ನಾನೂ ಕಚೇರಿಗೆ ಹೋದೆ. ಕಿಟಕಿಯಾಚೆ ಇದ್ದ ಹುಡುಗ ಒಳ್ಳೆಯವನೇ. ಎರಡು ಕಾಗದಗಳನ್ನೂ ನೋಡಿ, ಬೆರಳಾಡಿಸಿ, ತಲೆಯೆತ್ತಿ ಹೇಳಿದ: “ಅಜ್ಜಿ, ಎರಡು ಕಡೆ ಹೆಸರು ಬೇರೆ ಬೇರೆ ಇದೆ. ಸಿಸ್ಟಂ ತಗೋತಾ ಇಲ್ಲ.”

ಮುದುಕಿ ಸ್ವಲ್ಪ ಯೋಚಿಸಿ ಕೇಳಿದರು: “ಅದ್ಯಾರಪ್ಪ ಅವನು ಸಿಸ್ಟಮ್ಮು? ಒಂದ್ ಕಿತ ಅವನ್ ತಾವ್ಲೇ ಕರ್ಕೊಂಡ್ ಹೋಗು. ನಾನೇ ಯೋಳ್ಕೊತೀನಿ.”

ಸಾಲಿನಲ್ಲಿದ್ದವರು ನಕ್ಕರು, ಹುಡುಗನೂ ನಕ್ಕ. “ಅವನು ಬೆಂಗಳೂರಲ್ಲಿದಾನೆ ಅಜ್ಜಿ” ಎಂದ. ನನಗೆ ನಗು ಬರಲಿಲ್ಲ. ಆ ಮುದುಕಿಯ ಪ್ರಶ್ನೆಯಲ್ಲಿ ಅಜ್ಞಾನವಿತ್ತೆಂದು ಎಲ್ಲರೂ ತಿಳಿದರು; ನನಗೆ ಅದರಲ್ಲಿ ಕಂಡದ್ದು ಶಾಸ್ತ್ರಜ್ಞಾನ. ತನ್ನ ಅನ್ನಕ್ಕೆ ಅಡ್ಡಬಂದ ಕ್ರಿಯಾಪದವೊಂದು ಇದೆಯೆಂದ ಮೇಲೆ ಅದಕ್ಕೊಂದು ಕರ್ತೃಪದ ಇರಲೇಬೇಕು ಎಂದು ಆಕೆ ನಂಬಿದ್ದರು. ಕರ್ತೃವಿದ್ದರೆ ಅವನ ಎದುರು ನಿಂತು ಹೇಳಿಕೊಳ್ಳಬಹುದು, ಬೇಡಿಕೊಳ್ಳಬಹುದು, ಜಗಳವಾದರೂ ಆಡಬಹುದು. ಸ್ಥಳೀಯ ಆಡಳಿತವೆಂಬುದರ ಅರ್ಥವೇ ಅದಲ್ಲವೆ? 1992ರಲ್ಲಿ ಸಂವಿಧಾನಕ್ಕೆ 73ನೆಯ ತಿದ್ದುಪಡಿ ತಂದು, 1993ರಲ್ಲಿ ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯಿದೆಯನ್ನು ಮಾಡಿದ್ದರ ಉದ್ದೇಶ, ಅಧಿಕಾರ ಜನರು ನಡೆದುಹೋಗಿ ಮುಟ್ಟುವಷ್ಟು ಹತ್ತಿರವಿರಬೇಕು ಎಂಬುದು. ಕಚೇರಿ ಹತ್ತಿರ ಬಂದು, ಉತ್ತರ ಹೇಳುವವನು ಮಾತ್ರ ದೂರ ಹೋಗಿಬಿಟ್ಟರೆ ಆ ಹತ್ತಿರಕ್ಕೆ ಏನು ಬೆಲೆ?

‘ಸಿಸ್ಟಂ ತಗೋತಾ ಇಲ್ಲ’ ಎಂಬ ವಾಕ್ಯದಲ್ಲಿ ಕರ್ತೃಪದ ಇಲ್ಲವೆಂದಲ್ಲ. ತಪ್ಪು ಕರ್ತೃಪದ ಇದೆ. ಕೊಡಲಿಯನ್ನು ತೃತೀಯೆಯಿಂದ ಎತ್ತಿ ಪ್ರಥಮೆಯಲ್ಲಿ ಕೂರಿಸಿದ್ದೇವೆ. ಪಾಣಿನಿ ಕಾರಕಗಳನ್ನು ವಿವರಿಸುವಾಗ ಕರ್ತೃವಿಗೆ ಒಂದೇ ಒಂದು ಲಕ್ಷಣ ಹೇಳುತ್ತಾನೆ: ಕ್ರಿಯೆಯಲ್ಲಿ ಸ್ವತಂತ್ರನಾದವನು ಕರ್ತೃ. ಕರಣಕ್ಕೆ, ಎಂದರೆ ಸಾಧನಕ್ಕೆ, ಬೇರೆ ಲಕ್ಷಣ: ಕ್ರಿಯೆಯನ್ನು ಎಲ್ಲಕ್ಕಿಂತ ಹೆಚ್ಚಾಗಿ ಸಾಧಿಸಿಕೊಡುವುದು ಅದು. ಈ ಎರಡು ಲಕ್ಷಣಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಮಾತು ಹೊಳೆಯುತ್ತದೆ. ಕೆಲಸದಲ್ಲಿ ಎಲ್ಲರಿಗಿಂತ ಚುರುಕಾಗಿರುವುದು ಬೇರೆ, ಕೆಲಸಕ್ಕೆ ಹೊಣೆಯಾಗುವುದು ಬೇರೆ. ಕಂಪ್ಯೂಟರು ಎಷ್ಟೇ ಬಲಶಾಲಿಯಾಗಿರಲಿ, ಅದಕ್ಕೆ ಸ್ವಾತಂತ್ರ್ಯವಿಲ್ಲ. ‘ಎರಡು ಕಡೆ ಹೆಸರು ಅಕ್ಷರಶಃ ಒಂದೇ ಇರಬೇಕು, ಇಲ್ಲದಿದ್ದರೆ ಹಣ ನಿಲ್ಲಿಸು’ ಎಂದು ಅದಕ್ಕೆ ಒಬ್ಬ ಮನುಷ್ಯ ಹೇಳಿಕೊಟ್ಟಿದ್ದಾನೆ. ಒಂದು ದೀರ್ಘ, ಒಂದು ಒತ್ತಕ್ಷರದ ವ್ಯತ್ಯಾಸವಾದರೆ ಸ್ಥಳದಲ್ಲಿರುವ ಅಧಿಕಾರಿ ನೋಡಿ ಸರಿಪಡಿಸಲಿ ಎಂದೂ ಹೇಳಿಕೊಡಬಹುದಾಗಿತ್ತು. ಹೇಳಿಕೊಡದೆ ಇದ್ದದ್ದೂ ಒಂದು ಆಯ್ಕೆ. ಆಯ್ಕೆ ಇದ್ದಲ್ಲಿ ಸ್ವಾತಂತ್ರ್ಯವುಂಟು. ಸ್ವಾತಂತ್ರ್ಯ ಇದ್ದಲ್ಲಿ ಕರ್ತೃವುಂಟು.

ಹಾಗೆಂದು ಈ ಯಂತ್ರಗಳನ್ನು ಕಟ್ಟಿದವರಿಗೆ ಕರ್ತೃವಿನ ಚಿಂತೆಯೇ ಇರಲಿಲ್ಲವೆನ್ನುವುದು ಅನ್ಯಾಯ. ನಿಜ ಹೇಳಬೇಕೆಂದರೆ ಕಾಗದಕ್ಕಿಂತಲೂ ಕಟ್ಟುನಿಟ್ಟಾಗಿ ಅವರು ಅವನನ್ನು ಹಿಡಿಯಲು ಹೊರಟರು. ಪ್ರತಿಯೊಬ್ಬನಿಗೂ ಅವನದೇ ಲಾಗಿನ್, ಅವನದೇ ಪಾಸ್‌ವರ್ಡ್. ಯಾರು ಯಾವ ಗಳಿಗೆಯಲ್ಲಿ ಏನು ತಿದ್ದಿದರೆಂಬುದರ ದಾಖಲೆ ತನಗೆ ತಾನೇ ಬರೆದುಕೊಳ್ಳುತ್ತದೆ. ‘ಭೂಮಿ’ಯಲ್ಲಿ ಪಾಸ್‌ವರ್ಡು ಸಾಲದೆಂದು ಬೆರಳಚ್ಚನ್ನೇ ಕೇಳಿದರು, ‘ನಾನು ಮಾಡಲಿಲ್ಲ, ನನ್ನ ಪಾಸ್‌ವರ್ಡು ಬೇರೆ ಯಾರಿಗೋ ಸಿಕ್ಕಿತ್ತು’ ಎಂದು ಯಾರೂ ಹೇಳಬಾರದೆಂದು. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ಡಿಜಿಟಲ್ ಸಹಿಗೆ ಮಾನ್ಯತೆ ಕೊಟ್ಟಿತು. ಹೆಬ್ಬೆಟ್ಟಿನಷ್ಟು ಗಾತ್ರದ ಒಂದು ಕೀ; ಅದನ್ನು ಕಂಪ್ಯೂಟರಿಗೆ ಚುಚ್ಚಿ ಗುಟ್ಟಿನ ಅಂಕಿಯನ್ನು ಒತ್ತಿದರೆ ಅಧಿಕಾರಿಯ ರುಜು ಬಿದ್ದಂತೆ. ಈ ಕೀಲಿ ಕೈತಪ್ಪದಂತೆ, ಇನ್ನೊಬ್ಬರಿಗೆ ತಿಳಿಯದಂತೆ ಎಚ್ಚರ ವಹಿಸುವುದು ಅದರ ಒಡೆಯನ ಕರ್ತವ್ಯವೆಂದು ಅದೇ ಕಾಯಿದೆಯ 42ನೆಯ ಪ್ರಕರಣ ಹೇಳುತ್ತದೆ. ನಮ್ಮ ರಾಜ್ಯದ 2011ರ ಸಕಾಲ ಕಾಯಿದೆಯೂ ಈ ಜಾತಿಯದೇ. ಗೊತ್ತಾದ ದಿನದೊಳಗೆ ಕೆಲಸವಾಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿಗೆ ಮೀರದಂತೆ, ಪರಿಹಾರವನ್ನು ಹೊಣೆಗಾರನಾದ ನೌಕರನೇ ತೆರಬೇಕು. ಮೊತ್ತ ಅಲ್ಪವಾದರೂ ಅದರ ವ್ಯಾಕರಣ ದೊಡ್ಡದು: ‘ತಡವಾಗಿದೆ’ ಎಂಬ ಅನಾಥ ವಾಕ್ಯಕ್ಕೆ ಅದು ಒಬ್ಬ ತಂದೆಯನ್ನು ಗೊತ್ತುಮಾಡಿಕೊಟ್ಟಿತು.

ಇಷ್ಟೆಲ್ಲ ಬಂದೋಬಸ್ತಿನ ನಡುವೆಯೂ ಕರ್ತೃ ತಪ್ಪಿಸಿಕೊಂಡ ದಾರಿ ಯಾವುದು? ಬಹಳ ಸುಲಭದ ದಾರಿ. ಅವನು ತನ್ನ ಕೀಲಿಯನ್ನು ಮೇಜಿನ ಡ್ರಾಯರಿನಲ್ಲಿ ಇಟ್ಟು ಹೋದ.

ಕಚೇರಿಗಳ ಒಳಹೊರಗನ್ನು ಬಲ್ಲವರಿಗೆ ಇದು ಹೊಸ ಸುದ್ದಿಯಲ್ಲ. ಸಾಹೇಬರು ಸಭೆಗೆ ಹೋಗಿದ್ದಾರೆ. ಸಾಹೇಬರ ಕೀ ಇಲ್ಲೇ ಇದೆ. ಆಪರೇಟರ್ ಹುಡುಗನಿಗೆ ಅದರ ಅಂಕಿ ಗೊತ್ತು. ಕೀಲಿಯ ಬದಲು ಮೊಬೈಲಿಗೆ ಓಟಿಪಿ ಬರುವ ಏರ್ಪಾಡಾದರೆ, ಸಾಹೇಬರು ಸಭೆಯಲ್ಲಿದ್ದುಕೊಂಡೇ ಮೆಲ್ಲನೆ ಆರು ಅಂಕಿಗಳನ್ನು ಫೋನಿನಲ್ಲಿ ಓದಿಹೇಳುತ್ತಾರೆ. ಬೆರಳನ್ನಂತೂ ಡ್ರಾಯರಿನಲ್ಲಿ ಇಟ್ಟುಹೋಗುವಂತಿಲ್ಲ. ಅದಕ್ಕೂ ಉಪಾಯವಿದೆ: ಬೆಳಿಗ್ಗೆ ಬಂದು ಬೆರಳೊತ್ತಿ, ತೆರೆದ ಪರದೆಯನ್ನು ತೆರೆದಹಾಗೇ ಬಿಟ್ಟು ಎದ್ದುಹೋದರಾಯಿತು. ಇದು ಎಲ್ಲ ಕಚೇರಿಗಳಲ್ಲಿಯೂ ಹೀಗೆಯೇ ಎಂದು ನಾನು ಹೇಳುವುದಿಲ್ಲ. ಆದರೆ ಇದು ಎಲ್ಲಿಯೂ ಇಲ್ಲ ಎನ್ನುವ ಧೈರ್ಯ ಕಚೇರಿಯವರಿಗೂ ಇರಲಾರದು.

ಇದನ್ನು ತಪ್ಪೆಂದು ಥಟ್ಟನೆ ತೀರ್ಪು ಕೊಡುವ ಮುನ್ನ ಮತ್ತೊಂದು ಪಕ್ಷವನ್ನೂ ಕೇಳಬೇಕು. ಪಂಚಾಯತಿ ಅಭಿವೃದ್ಧಿ ಅಧಿಕಾರಿ ಒಂದೇ ದಿನ ತಾಲ್ಲೂಕಿನ ಸಭೆಯಲ್ಲಿರಬೇಕು, ಒಡೆದ ನೀರಿನ ಪೈಪಿನ ಹತ್ತಿರವಿರಬೇಕು, ಗ್ರಾಮಸಭೆಯಲ್ಲಿರಬೇಕು. ಕೆಲವೊಮ್ಮೆ ಪಕ್ಕದ ಪಂಚಾಯತಿಯ ಪ್ರಭಾರವೂ ಅವರ ಹೆಗಲಿಗೇ. ಅವರು ಬಂದು ಕೀಲಿ ಚುಚ್ಚುವವರೆಗೂ ಬಸ್ಸಿನಲ್ಲಿ ಬಂದ ಕೂಲಿಯವನು ದಿನದ ಕೂಲಿ ಕಳೆದುಕೊಂಡು ಜಗಲಿಯಲ್ಲಿ ಕೂತಿರಬೇಕೆ? ಕೀಲಿಯನ್ನು ಕೊಟ್ಟುಹೋದ ಅಧಿಕಾರಿ ನಿಯಮವನ್ನು ಮುರಿದರು, ನಿಜ. ಆದರೆ ಹತ್ತು ಜನರ ಕೆಲಸ ಅಂದೇ ಆಯಿತು. ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ಹೋದ ಅಧಿಕಾರಿ ನಿಯಮವನ್ನು ಪಾಲಿಸಿದರು. ಹತ್ತು ಜನ ಬರಿಗೈಯಲ್ಲಿ ಹಿಂದಿರುಗಿದರು. ಇವರಿಬ್ಬರಲ್ಲಿ ಧರ್ಮಿಷ್ಠರು ಯಾರು? ಪ್ರಶ್ನೆ ಸುಲಭವಲ್ಲ. ದಯೆಯೂ ಧರ್ಮವೇ, ನಿಯಮವೂ ಧರ್ಮವೇ. ಎರಡು ಧರ್ಮಗಳು ಎದುರುಬದುರಾದಾಗ ಒಂದನ್ನು ಅಧರ್ಮವೆಂದು ಕರೆದು ಪಾರಾಗುವುದು ಸೋಮಾರಿಯ ನೀತಿ.

ಆದರೆ ಈ ದಯೆಯ ಬೆಲೆಯನ್ನು ತೆರುವವರು ಯಾರು ಎಂಬುದನ್ನು ನೋಡಿದಾಗ ನನ್ನ ಮನಸ್ಸು ಒಂದು ಕಡೆಗೆ ವಾಲುತ್ತದೆ. ಆಪರೇಟರ್ ಹುಡುಗನನ್ನು ನೆನೆಯಿರಿ. ಅನೇಕ ಕಡೆ ಅವನದು ಗುತ್ತಿಗೆಯ ಕೆಲಸ. ಇಂದಿದೆ, ನಾಳೆ ಇಲ್ಲ. ‘ಸಾರ್, ನಿಮ್ಮ ಕೀ ನನಗೆ ಬೇಡ’ ಎಂದು ಹೇಳುವ ಸ್ವಾತಂತ್ರ್ಯ ಅವನಿಗಿಲ್ಲ. ಅವನು ಮಾಡಿದ ಕೆಲಸವೆಲ್ಲ ಮತ್ತೊಬ್ಬರ ಹೆಸರಿನಲ್ಲಿ ದಾಖಲಾಗುತ್ತದೆ. ಒಳ್ಳೆಯದಾದರೆ ಅವನ ಹೆಸರಿಲ್ಲ. ಕೆಟ್ಟದ್ದಾದ ದಿನ ಮಾತ್ರ ‘ಆಪರೇಟರ್ ತಪ್ಪು ಮಾಡಿದ’ ಎಂದು ಅವನ ಹೆಸರು ಮೊದಲ ಬಾರಿಗೆ ಬೆಳಕಿಗೆ ಬರುತ್ತದೆ. ಅದುವರೆಗೆ ಕರಣವಾಗಿದ್ದವನನ್ನು ಶಿಕ್ಷೆಯ ಹೊತ್ತಿಗೆ ಕರ್ತೃವಾಗಿ ಬಡ್ತಿ ಕೊಡುತ್ತೇವೆ. ಇನ್ನೊಂದು ಪಕ್ಕದಲ್ಲಿ, ಹುಡುಗ ಆಸೆಗೆ ಬಿದ್ದು ಯಾರದೋ ನಿವೇಶನವನ್ನು ಯಾರದೋ ಹೆಸರಿಗೆ ಬರೆದನೆನ್ನಿ. ದಾಖಲೆ ಅಧಿಕಾರಿಯ ಹೆಸರನ್ನೇ ಹೇಳುತ್ತದೆ. ಯಂತ್ರ ಸುಳ್ಳು ಹೇಳುವುದಿಲ್ಲ ಎನ್ನುತ್ತೇವೆ. ಹೌದು, ಹೇಳುವುದಿಲ್ಲ, ನಾವು ಹೇಳಿಕೊಟ್ಟ ಸುಳ್ಳನ್ನು ಅದು ಸತ್ಯವೆಂದು ಮುದ್ರೆಯೊತ್ತಿ ಶಾಶ್ವತವಾಗಿ ಕಾಪಾಡುತ್ತದೆ. ಪಾಣಿನಿಯ ಅಳತೆಗೋಲನ್ನು ಇಟ್ಟರೆ ಇಲ್ಲಿ ಸ್ವತಂತ್ರವಾದ ಕ್ರಿಯೆ ಒಂದೇ: ಕೀಲಿಯನ್ನು ಕೊಟ್ಟದ್ದು. ಆ ಒಂದು ಕ್ರಿಯೆಯಿಂದ ಹುಟ್ಟಿದ ಮಿಕ್ಕೆಲ್ಲವೂ ಕೊಟ್ಟವನ ಕಡೆಗೇ ಹರಿದುಹೋಗಬೇಕು. ಹುಡುಗ ತನ್ನ ಆಸೆಗೆ ತಾನು ಹೊಣೆ. ಆದರೆ ಬಾಗಿಲು ತೆರೆದದ್ದಕ್ಕೆ ಹೊಣೆ ಬೇರೆಯವರು.

ದಾಖಲೆಯಲ್ಲಿರುವ ಹೆಸರೇ ಮಾಡಿದವನ ಹೆಸರು ಎಂದು ಕಣ್ಣುಮುಚ್ಚಿ ನಂಬಿದರೆ ಏನಾಗಬಹುದೆಂಬುದಕ್ಕೆ ಇಂಗ್ಲೆಂಡಿನ ಅಂಚೆ ಇಲಾಖೆ ಘೋರವಾದ ನಿದರ್ಶನ ಕೊಟ್ಟಿದೆ. ಅದು ಪಂಚಾಯತಿಯ ಕಥೆಯಲ್ಲದಿದ್ದರೂ ಊರೂರಿನ ಸಣ್ಣ ಕಿಟಕಿಗಳ ಕಥೆಯೇ. ಅಲ್ಲಿನ ಹಳ್ಳಿ, ಪಟ್ಟಣಗಳ ಉಪ ಅಂಚೆಪಾಲಕರ ಮೇಜಿನ ಮೇಲೆ 1999ರಿಂದ ‘ಹೊರೈಜನ್’ ಎಂಬ ಲೆಕ್ಕದ ಕಂಪ್ಯೂಟರು ಬಂದು ಕೂತಿತು. ದಿನದ ಕೊನೆಯಲ್ಲಿ ಅದು ಹಣ ಕಡಮೆಯಿದೆ ಎನ್ನುತ್ತಿತ್ತು. ‘ನಾವು ತೆಗೆದಿಲ್ಲ’ ಎಂದು ಅವರು ಗೋಳಿಟ್ಟರು. ಕಂಪ್ಯೂಟರು ಸರಿಯಾಗಿಯೇ ಕೆಲಸಮಾಡುತ್ತಿತ್ತೆಂದು ಊಹಿಸಿಕೊಳ್ಳುವುದು ಅಲ್ಲಿನ ನ್ಯಾಯಾಲಯಗಳ ಪದ್ಧತಿ. 2015ರವರೆಗೆ 900ಕ್ಕೂ ಹೆಚ್ಚು ಮಂದಿ ಅಪರಾಧಿಗಳೆನಿಸಿದರು. ಕೆಲವರು ಸೆರೆಮನೆ ಕಂಡರು, ಕೆಲವರು ಮಾನಕ್ಕಂಜಿ ಪ್ರಾಣ ಕಳೆದುಕೊಂಡರು. 2019ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯದ ತೀರ್ಪು ಬಂದಾಗ ತಂತ್ರಾಂಶದಲ್ಲಿ ದೋಷಗಳಿದ್ದವೆಂದು ಸ್ಥಿರಪಟ್ಟಿತು; ಅದನ್ನು ನಡೆಸುತ್ತಿದ್ದ ಫುಜಿತ್ಸು ಕಂಪನಿಯ ನೌಕರರು ದೂರದಿಂದಲೇ, ಅಂಚೆಪಾಲಕನಿಗೆ ಅರಿವಿಲ್ಲದಂತೆ, ಅವನ ಲೆಕ್ಕದಲ್ಲಿ ಕೈಯಾಡಿಸಲು ಸಾಧ್ಯವಿತ್ತೆಂಬುದೂ ಹೊರಬಿತ್ತು. 2024ರಲ್ಲಿ ಪಾರ್ಲಿಮೆಂಟು ವಿಶೇಷ ಕಾನೂನು ಮಾಡಿ ಆ ತೀರ್ಪುಗಳನ್ನು ಅಳಿಸಬೇಕಾಯಿತು. ತೀರ್ಪು ಅಳಿಯಿತು, ಹೋದ ಮಾನ, ಮನೆ, ಪ್ರಾಣ ಹಿಂದಿರುಗಲಿಲ್ಲ. ಒಂದೇ ಹೆಸರಿನೊಳಗೆ ಎಷ್ಟು ಕೈಗಳು ತೂರಬಲ್ಲವೆಂಬುದನ್ನು ಕೇಳದೆ ಹೋದದ್ದರ ಫಲವಿದು.

ಹಾಗಾದರೆ ಮಾಡಬೇಕಾದ್ದೇನು? ಕೆಲಸವೂ ನಿಲ್ಲಬಾರದು, ಹೆಸರೂ ಸುಳ್ಳಾಗಬಾರದು. ವಿಚಿತ್ರವೆಂದರೆ ಈ ಸಮಸ್ಯೆಯನ್ನು ನಮ್ಮ ಹಿರಿಯರು ಹಿಂದೆಯೇ ಬಿಡಿಸಿದ್ದರು. ಹಳೆಯ ಕ್ರಯಪತ್ರಗಳನ್ನು ತೆಗೆದು ನೋಡಿ. ಬರೆಸಿಕೊಟ್ಟವನ ರುಜು ಅಥವಾ ಹೆಬ್ಬೆಟ್ಟು ಒಂದು ಕಡೆ. ಸಾಕ್ಷಿಗಳು ಒಂದು ಕಡೆ. ಕೊನೆಯಲ್ಲಿ ‘ಬಿಕ್ಕಲಂ’ ಎಂದು ಬರೆದು ಪತ್ರ ಬರೆದವನ ಹೆಸರು. ಎಂದರೆ, ಮಾತು ಅವರದು, ಲೇಖನಿ ನನ್ನದು ಎಂದು ಬರಹಗಾರ ತನ್ನ ಪಾಲಿನ ಹೊಣೆಯನ್ನು ತಾನು ಒಪ್ಪಿಕೊಂಡಂತೆ. ಇನ್ನೂ ಹಿಂದಕ್ಕೆ ಹೋದರೆ, ಎಷ್ಟೋ ಶಾಸನಗಳಲ್ಲಿ ದಾನ ಕೊಟ್ಟ ಅರಸನ ಹೆಸರಿನ ಜೊತೆಗೆ ಪಾಠವನ್ನು ಬರೆದವನ ಹೆಸರು, ಕಲ್ಲಿನಲ್ಲಿ ಕಂಡರಿಸಿದವನ ಹೆಸರು ಸಿಗುತ್ತವೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ಮಲ್ಲಿತಮ್ಮನ ಹೆಸರಂತೂ ಅನೇಕ ಹೊಯ್ಸಳ ದೇಗುಲಗಳಲ್ಲಿ ಕಾಣುತ್ತದೆ. ಕಟ್ಟಿಸಿದವನು ದೊರೆ, ಕೆತ್ತಿದವನು ರೂವಾರಿ. ಒಬ್ಬನ ಹೆಸರು ಇನ್ನೊಬ್ಬನದನ್ನು ನುಂಗಲಿಲ್ಲ. ನಿನ್ನೆಮೊನ್ನೆಯ ಕಾಗದದ ಕಚೇರಿಯಲ್ಲಿಯೂ ತಹಸೀಲ್ದಾರರು ಇಲ್ಲದಾಗ ಕೆಳಗಿನವರು ಅವರ ಹೆಸರಿನ ಹಿಂದೆ ‘ಪರವಾಗಿ’ ಎಂದು ಸೇರಿಸಿ ತಮ್ಮ ಸ್ವಂತ ರುಜು ಹಾಕುತ್ತಿದ್ದರು. ಆ ನಾಲ್ಕು ಅಕ್ಷರಗಳಲ್ಲಿ ಎಷ್ಟು ಪ್ರಾಮಾಣಿಕತೆ ಇತ್ತು! ಅಧಿಕಾರ ಯಾರದು, ಕೈ ಯಾರದು ಎಂಬ ಎರಡಕ್ಕೂ ಕಾಗದದ ಮೇಲೆ ಜಾಗವಿತ್ತು. ಡ್ರಾಯರಿನಲ್ಲಿಟ್ಟ ಕೀಲಿಯಲ್ಲಿ ಆ ಜಾಗವಿಲ್ಲ. ಅದು ‘ಪರವಾಗಿ’ ಎನ್ನುವುದನ್ನು ಅರಿಯದು; ‘ನಾನೇ’ ಎಂದು ಮಾತ್ರ ಹೇಳಬಲ್ಲದು, ಯಾರು ಚುಚ್ಚಿದರೂ.

ಆದಕಾರಣ ಯಂತ್ರಕ್ಕೆ ‘ಪರವಾಗಿ’ ಎಂಬ ಮಾತನ್ನು ಕಲಿಸಬೇಕು. ಇದೇನೂ ಅಸಾಧ್ಯವಲ್ಲ, ಕಂಪ್ಯೂಟರುಗಳ ಮೇಲ್ವಿಚಾರಣೆ ಬಲ್ಲವರಿಗೆ ದಿನನಿತ್ಯದ ವಿದ್ಯೆ. ಆಪರೇಟರಿಗೆ ಅವನದೇ ಹೆಸರಿನ ಲಾಗಿನ್, ಅವನ ಕೆಲಸಕ್ಕೆ ತಕ್ಕಷ್ಟೇ ಅಧಿಕಾರ. ಅಧಿಕಾರಿ ಊರಲ್ಲಿಲ್ಲದ ದಿನ ಗೊತ್ತಾದ ಕೆಲಸಗಳಿಗೆ ಗೊತ್ತಾದ ಮತ್ತೊಬ್ಬರಿಗೆ ಬರಹದ ಅಪ್ಪಣೆಯ ಮೇಲೆ ಪ್ರಭಾರ. ಬರೆದವನೊಬ್ಬ, ನೋಡಿ ಒಪ್ಪಿದವನೊಬ್ಬ, ಇಬ್ಬರ ಹೆಸರೂ ದಾಖಲೆಯಲ್ಲಿ. ವರ್ಗವಾಗಿ ಹೋದವರ ಲಾಗಿನ್ನನ್ನು ಹೋದ ದಿನವೇ ಮುಚ್ಚುವುದು. ಇಲ್ಲದಿದ್ದರೆ ನಿವೃತ್ತರಾಗಿ ಮೊಮ್ಮಕ್ಕಳನ್ನು ಆಡಿಸುತ್ತಿರುವವರ ಹೆಸರು ಕಚೇರಿಯಲ್ಲಿ ಇನ್ನೂ ದುಡಿಯುತ್ತಿರುತ್ತದೆ. ಐದು ನಿಮಿಷ ಯಾರೂ ಮುಟ್ಟದಿದ್ದರೆ ಪರದೆ ತಾನೇ ಬೀಗ ಹಾಕಿಕೊಳ್ಳುವಂತೆ ಮಾಡುವುದು. ಇವೆಲ್ಲ ಕೇಳಲು ಬರಿಯ ತಾಂತ್ರಿಕ ವಿವರಗಳು. ಜಿಲ್ಲಾ ಕೇಂದ್ರದ ಯಾವುದೋ ಕೋಣೆಯಲ್ಲಿ ತಂತಿಗಳ ನಡುವೆ ಕೂತ, ಹೆಸರಿಲ್ಲದ ಯಾರೋ ಒಬ್ಬರು ಮಾಡುವ ಕೆಲಸಗಳು. ಆದರೆ ನನಗೆ ತೋರುವಂತೆ ಇವು ನೀತಿಯ ಕೆಲಸಗಳು. ಒಬ್ಬನಿಗೆ ಅವನ ಅಗತ್ಯಕ್ಕಿಂತ ಹೆಚ್ಚು ಅಧಿಕಾರ ಕೊಡದಿರುವುದು, ಒಬ್ಬನ ಹೆಸರು ಇನ್ನೊಬ್ಬನ ಕೈಗೆ ಹೋಗದಂತೆ ಕಾಯುವುದು, ಹೋದವನನ್ನು ಗೌರವದಿಂದ ಬಿಡುಗಡೆ ಮಾಡುವುದು, ಇವನ್ನು ಬೇರೆ ಯಾವ ಹೆಸರಿನಿಂದ ಕರೆಯಬೇಕು?

ಇಲ್ಲಿ ಒಂದು ಆಕ್ಷೇಪ ಬರಬಹುದು. ಎಲ್ಲಕ್ಕೂ ಒಬ್ಬ ಮನುಷ್ಯನನ್ನು ಹೊಣೆಮಾಡಲು ಸಾಧ್ಯವೆ? ಸರ್ವರ್ ನಿಜವಾಗಿಯೂ ಕೆಡುವುದುಂಟು, ಮಳೆಗಾಳಿಗೆ ಕರೆಂಟು ಹೋಗುವುದುಂಟು, ದೂರದ ಎಲ್ಲೋ ಕೇಬಲ್ ತುಂಡಾಗುವುದುಂಟು. ಆಕ್ಷೇಪ ಸರಿಯಾದದ್ದೇ. ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ, ಕೆಲಸವೊಂದು ನಡೆಯಬೇಕಾದರೆ ಐದು ಕಾರಣಗಳು ಕೂಡಬೇಕೆಂಬ ವಿಚಾರ ಬರುತ್ತದೆ: ನೆಲೆ, ಕರ್ತೃ, ಕರಣಗಳು, ಬಗೆಬಗೆಯ ಚೇಷ್ಟೆಗಳು, ಐದನೆಯದಾಗಿ ದೈವ. ಕಚೇರಿಗೂ ಇದನ್ನು ಅನ್ವಯಿಸಬಹುದು. ಮೇಜು ಕುರ್ಚಿಗಳ ನೆಲೆಯೂ ಬೇಕು, ಯಂತ್ರವೆಂಬ ಕರಣವೂ ಬೇಕು, ಬೆರಳುಗಳ ಚೇಷ್ಟೆಯೂ ಬೇಕು, ಸರ್ವರೆಂಬ ದೈವದ ಅನುಗ್ರಹವೂ ಬೇಕು. ಆದರೆ ಆ ಪಟ್ಟಿಯಲ್ಲಿ ದೈವಕ್ಕೆ ಕೊಟ್ಟಿರುವುದು ಐದನೆಯ ಸ್ಥಾನ. ನಮ್ಮ ಕಿಟಕಿಗಳಲ್ಲಿ ಅದಕ್ಕೆ ಮೊದಲನೆಯ ಸ್ಥಾನ ಸಿಕ್ಕಿದೆ; ಮಿಕ್ಕ ನಾಲ್ಕರ ಲೋಪಗಳೆಲ್ಲ ಅದರ ತಲೆಗೇ. ದೈವ ಕೈಕೊಟ್ಟಾಗಲೂ ಕರ್ತೃವಿನ ಕೆಲಸ ಮುಗಿಯುವುದಿಲ್ಲ. ಅರ್ಜಿಯನ್ನು ಕೈಬರಹದ ಪುಸ್ತಕದಲ್ಲಿ ಬರೆದುಕೊಂಡು, ಅಂಕಿ ಹಾಕಿದ ಚೀಟಿ ಕೊಟ್ಟು, ಸರ್ವರ್ ಬಂದ ಮೇಲೆ ನಾನೇ ಸೇರಿಸುತ್ತೇನೆ ಎನ್ನುವುದಕ್ಕೆ ಯಾವ ಕೇಬಲ್ಲೂ ಬೇಕಿಲ್ಲ. ದಾಖಲೆಗಳ ಇನ್ನೊಂದು ಪ್ರತಿಯನ್ನು ಬೇರೊಂದು ಕಡೆ ಜೋಪಾನವಾಗಿ ಇಟ್ಟಿರುವುದು ಗೆದ್ದಲಿನ ಕಾಲದಿಂದಲೂ ಬುದ್ಧಿವಂತರು ಮಾಡಿಕೊಂಡು ಬಂದದ್ದೇ.

ಇನ್ನು ನಮ್ಮಂಥ ಪಟ್ಟಣದ ಓದುಗರ ಪಾಲೂ ಇದರಲ್ಲಿ ಇಲ್ಲದಿಲ್ಲ. ನಮಗೆ ಬೇಕಾದಾಗ ‘ಸಾಹೇಬರು ಇಲ್ಲದಿದ್ದರೇನು, ನಿಮ್ಮ ಹತ್ತಿರ ಪಾಸ್‌ವರ್ಡ್ ಇದೆಯಲ್ಲ, ಮಾಡಿಕೊಡಿ’ ಎನ್ನುವವರು ನಾವೇ. ಬೇಡವಾದಾಗ ‘ಇದೇನು ಬೇಜವಾಬ್ದಾರಿ’ ಎಂದು ಪತ್ರಿಕೆಗೆ ಬರೆಯುವವರೂ ನಾವೇ. ಬ್ಯಾಂಕಿನ ಗುಟ್ಟಿನ ಅಂಕಿಯನ್ನು ಮಗನಿಗೆ, ಮಗನದನ್ನು ಪಕ್ಕದ ಮನೆಯವನಿಗೆ ಹೇಳಿ ನಿಶ್ಚಿಂತರಾಗಿರುವ ನಮಗೆ ಅಧಿಕಾರಿಯ ಡ್ರಾಯರು ತೆರೆದಿದೆಯೆಂದು ಆಶ್ಚರ್ಯಪಡುವ ಹಕ್ಕು ಎಷ್ಟಿದೆ? ನಮ್ಮಲ್ಲಿ ಹೆಸರು ಕೊಡುವುದೆಂದರೆ ವಿಶ್ವಾಸದ ಗುರುತು. ಕೊಡದಿರುವುದು ಅನುಮಾನದ ಗುರುತು. ಈ ಸಜ್ಜನಿಕೆಯನ್ನು ಸ್ವಲ್ಪ ಬದಲಿಸಿಕೊಳ್ಳಬೇಕಾಗಿದೆ. ನನ್ನ ಹೆಸರನ್ನು ನಿನಗೆ ಕೊಡುವುದಿಲ್ಲವೆಂದರೆ ನಿನ್ನನ್ನು ನಂಬುವುದಿಲ್ಲ ಎಂದಲ್ಲ. ನನ್ನ ತಪ್ಪನ್ನು ನಿನ್ನ ಮೇಲೆ, ನಿನ್ನ ತಪ್ಪನ್ನು ನನ್ನ ಮೇಲೆ ಬೀಳಗೊಡುವುದಿಲ್ಲ ಎಂದು.

ಆಡಳಿತದ ಸುಧಾರಣೆಯನ್ನು ಕುರಿತ ವರದಿಗಳಲ್ಲಿ ವೇಗದ ಮಾತು ಬಹಳ ಬರುತ್ತದೆ: ಎಷ್ಟು ದಿನದ ಕೆಲಸ ಎಷ್ಟು ನಿಮಿಷಕ್ಕೆ ಇಳಿಯಿತು ಎಂದು. ಅದು ಬೇಕಾದದ್ದೇ. ಆದರೆ ಪ್ರಜೆ ಕಿಟಕಿಯಲ್ಲಿ ಬಯಸುವುದು ವೇಗ ಒಂದನ್ನೇ ಅಲ್ಲ. ‘ನಿಮ್ಮ ಅರ್ಜಿಯನ್ನು ನಾನು ನೋಡಿದೆ. ಈ ಕಾರಣಕ್ಕಾಗಿ ನಾನು ಇದನ್ನು ಒಪ್ಪಲಾರೆ. ನನ್ನ ಹೆಸರು ಇದು. ನನ್ನ ಮೇಲಿನವರ ಹೆಸರು ಇದು. ಅವರಲ್ಲಿಗೆ ಹೋಗಿ ಕೇಳಿಕೊಳ್ಳಬಹುದು’ ಎಂಬ ಉತ್ತರ ಸಿಕ್ಕಿದರೆ, ಕೆಲಸವಾಗದಿದ್ದರೂ ಮನುಷ್ಯ ಅವಮಾನಿತನಾಗಿ ಹಿಂದಿರುಗುವುದಿಲ್ಲ. ಇಲ್ಲವೆನ್ನಿಸಿಕೊಳ್ಳುವುದನ್ನು ಜನ ಸಹಿಸಬಲ್ಲರು. ಯಾರೂ ಅಲ್ಲದವನಿಂದ ಇಲ್ಲವೆನ್ನಿಸಿಕೊಳ್ಳುವುದು ಸಹಿಸಲಾಗದ್ದು. ಕನ್ನಡದಲ್ಲಿ ಉತ್ತಮ ಪುರುಷ ಏಕವಚನದ ಪ್ರಥಮಾ ವಿಭಕ್ತಿ ‘ನಾನು’. ಎರಡೇ ಅಕ್ಷರಗಳ ಮಾತು. ಅದನ್ನು ಕಚೇರಿಯ ಭಾಷೆಗೆ ಮರಳಿ ತರುವುದಕ್ಕೆ ಹೊಸ ಯಂತ್ರವೇನೂ ಬೇಕಾಗಿಲ್ಲ.